ಲೇಟ್ ಹುಚ್ಚಯ್ಯ

ಕುಮಾರ ಮದುವೆ ಕಾರ್ಡುಗಳ ಕಟ್ಟನ್ನು ನಂಜನಗೂಡಿನಿಂದ ತಂದು ಅಕ್ಕನ ಮುಂದೆ ಇಟ್ಟಾಗ, ಚಲುವಮ್ಮ ಶಾಲೆಯ ಬಿಸಿಯೂಟದ ಕೆಲಸ ಮುಗಿಸಿ ಬಂದು ಆಗಷ್ಟೇ ಕಾಲು ತೊಳೆದುಕೊಂಡಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ಕಾರ್ಡು ಎತ್ತಿಕೊಂಡಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದರೆ ಯಾವುದೂ ಕಷ್ಟವಲ್ಲ. ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಮದುವೆ ಗಂಡು ಸಿದ್ಧಾರ್ಥನ ಹೆಸರು, ಪಕ್ಕದಲ್ಲಿ ಮಗಳು ರೋಜಾಳ ಹೆಸರು. ಆಮೇಲೆ ಬೆರಳು ನಿಂತಿತು. "ಶ್ರೀಮತಿ ಚಲುವಮ್ಮ ಮತ್ತು ಲೇಟ್ ಹುಚ್ಚಯ್ಯನವರ ಏಕಮಾತ್ರ ಪುತ್ರಿ" ಎಂದಿತ್ತು.

ಕುಮಾರ ಗೋಡೆಯ ಕಡೆ ನೋಡುತ್ತ, ಗಂಡಿನ ಕಡೆಯ ಹಿರಿಯರು ಕೇಳಿದರು, ಬರೀ ಹೆಸರು ಹಾಕಿದರೆ ಹೆಣ್ಣಿನ ಅಪ್ಪ ಎಲ್ಲಿ ಅಂತ ಮಂದಿ ಕೇಳುತ್ತಾರೆ, ರೋಜಾನೂ ಒಪ್ಪಿದಳು ಎಂದು ಒದರಿ, ಕಾಫಿಯನ್ನೂ ಕುಡಿಯದೆ ಬೈಕು ಹತ್ತಿ ಹೋದ.

ಲೇಟ್ ಎಂಬ ಮಾತು ಚಲುವಮ್ಮನಿಗೆ ಹೊಸದಲ್ಲ. ಕೆಂಚನಹುಂಡಿಯಲ್ಲಿ ಹೆಬ್ಬೆಟ್ಟು ಒತ್ತುವವರಿಗೂ ಅದು ಗೊತ್ತು. ಬೆಳಗಿನ ಬಸ್ಸು ಲೇಟು, ಶಾಲೆಗೆ ಹಾಲಿನ ಪುಡಿ ಬರುವುದು ಲೇಟು. ಒಲೆ ಹಚ್ಚುವುದು ಹತ್ತು ನಿಮಿಷ ಆಚೀಚೆಯಾದರೆ ಹೆಡ್‌ಮಾಸ್ಟರ್ ಸೋಮಶೇಖರ್ ಕನ್ನಡಕದ ಮೇಲಿಂದ ನೋಡಿ "ಲೇಟಾಯ್ತಲ್ಲ ಚಲುವಮ್ಮ" ಎನ್ನುತ್ತಿದ್ದರು. ಊರಿನ ಪಹಣಿಗಳಲ್ಲಿ, ಬೇರೆಯವರ ಮನೆಯ ಕಾರ್ಡುಗಳಲ್ಲಿ ಸತ್ತವರ ಹೆಸರಿನ ಹಿಂದೆ ಅದೇ ಮಾತು ಕೂತಿರುವುದನ್ನೂ ಅವಳು ನೋಡಿದ್ದಳು. ಆದರೆ ತನ್ನ ಗಂಡನ ಹೆಸರಿನ ಹಿಂದೆ ಅದನ್ನು ನೋಡಿದ್ದು ಅವತ್ತೇ.

ಹುಚ್ಚಯ್ಯ ನೀರುಗಂಟಿಯಾಗಿದ್ದ. ನಾಲೆಯ ತೂಬು ಎತ್ತಿ, ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಕೆಲಸ. ಒಂಬತ್ತು ವರ್ಷದ ಹಿಂದೆ ಶ್ರಾವಣದ ಒಂದು ದಿನ, ಹೊಸ ನೀಲಿ ಚೌಕುಳಿ ಅಂಗಿ ಹಾಕಿಕೊಂಡು ಟಿ. ನರಸೀಪುರಕ್ಕೆ ಅಕ್ಕ ರಾಮಮ್ಮನನ್ನು ನೋಡಲು ಹೋದ. ಅಲ್ಲಿ ಉಂಡ, ಮೂರು ಗಂಟೆಗೆ ಹೊರಟ. ಆರು ಗಂಟೆಗೆ ಫೋನು ಮಾಡಿ, ಬಸ್ಸು ತಪ್ಪಿಹೋಯಿತು, ಲೇಟಾಗುತ್ತದೆ ಎಂದ. ಅದೇ ಕೊನೆ. ಕಪಿಲೆ ಹೊಳೆ ಆ ವಾರ ತುಂಬಿ ಹರಿಯುತ್ತಿತ್ತು. ಪೊಲೀಸರು ಎರಡು ಸಲ ಕರೆಸಿ ನೀರಿನಲ್ಲಿ ಸಿಕ್ಕ ಹೆಣ ತೋರಿಸಿದರು. ಎರಡೂ ಅವನದಲ್ಲ.

ಚಲುವಮ್ಮ ಬಳೆ ತೆಗೆಯಲಿಲ್ಲ, ಹಣೆ ಅಳಿಸಲಿಲ್ಲ. ಗೋಡೆಯ ಮೇಲೆ ಮಗಳು ಹಾಕಿದ ಬುದ್ಧನ ಪಟ, ಬಾಬಾಸಾಹೇಬರ ಪಟ ಇದ್ದರೂ, ಹಿರಿಯರ ಹಬ್ಬ ಮಾರ್ಲಾಮಿಯಲ್ಲಿ ಅವಳು ತೀರಿಹೋದ ಅತ್ತೆಮಾವನಿಗೆ ಎಡೆ ಇಡುವುದನ್ನು ಬಿಟ್ಟಿರಲಿಲ್ಲ. ಎರಡು ಎಲೆ ಹಾಕುವಳು. ಮೂರನೆಯದು ಹಾಕಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯಸ್ಸನ್ನು ನಾವೇ ಕಿತ್ತುಕೊಂಡ ಹಾಗೆ ಎಂದು ಅವಳ ನಂಬಿಕೆ.

ರೋಜಾ ನರಸೀಪುರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರು. ವಾರವೆಲ್ಲ ಅತ್ತೆ ರಾಮಮ್ಮನ ಮನೆಯಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದಳು. ಆ ಶನಿವಾರ ಅವ್ವನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಬೈಗುಳಕ್ಕೆ ಸಿದ್ಧಳಾಗಿ ಕೂತಳು. ಚಲುವಮ್ಮ ಬೈಯಲಿಲ್ಲ.

"ಸತ್ತೋರ್ಗೂ ಅದೇ ಮಾತು, ತಡ್ವಾಗಿ ಬರೋರ್ಗೂ ಅದೇ ಮಾತಾ?" ಎಂದಳು.

"ಊಂ ಕಣವ್ವ."

"ಅಂಗಾರೆ ನಿಮ್ಮಪ್ಪಂಗೆ ಯಾವ್ದು ಬರ್ದಿರೋದು?"

ರೋಜಾ ಅವ್ವನ ಮುಂದೆಯೂ ಟೀಚರಾದಳು. ಲೇಟ್‌ಗೆ ಬಳಗ ದೊಡ್ಡದು, ಲೇಟರ್ ಅಂದರೆ ಆಮೇಲೆ, ಲೇಟ್ಲಿ ಅಂದರೆ ಈಚೆಗೆ ಎಂದೆಲ್ಲ ಹೇಳಿದಳು. ಲೇಟೆಸ್ಟ್ ಅಂದರೆ ಎಲ್ಲರಿಗಿಂತ ತಡವಾದದ್ದಾ ಎಂದು ಅವ್ವ ಕೇಳಿದಾಗ, ಅಲ್ಲ, ಎಲ್ಲಕ್ಕಿಂತ ಹೊಸದು, ಮೊಬೈಲ್ ಅಂಗಡಿಯಲ್ಲಿ ಬರೆದಿರುತ್ತಾರಲ್ಲ ಎಂದಳು. ಚಲುವಮ್ಮ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸತ್ತವನು, ತಡವಾದವನು, ಹೊಸಬ ಎಲ್ಲರೂ ಒಂದೇ ಮನೆಯವರಾದರೆ ಆ ಭಾಷೆಯವರು ಹೆಣಕ್ಕೂ ನೆಂಟನಿಗೂ ಹೇಗೆ ಬೇರೆ ಬೇರೆ ಬಾಗಿಲು ತೆಗೆಯುತ್ತಾರೋ ಎನಿಸಿತು.

ಕಾರ್ಡು ಹಂಚಲು ಶುರುಮಾಡಿದ ಮೂರನೇ ದಿನ ರಾಮಮ್ಮ ಫೋನು ಮಾಡಿದಳು. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ತಮ್ಮನ ಹಾಗೇ ಇರುವ ಒಬ್ಬನನ್ನು ಹಿಂದಿನಿಂದ ನೋಡಿದೆ ಎಂದಳು. ನೀಲಿ ಚೌಕುಳಿ ಅಂಗಿಯಂತೆ. ಅಂಗಡಿಯಿಂದ ಆಗ ತಾನೇ ಬಿಚ್ಚಿ ಹಾಕಿಕೊಂಡ ಹಾಗೆ ಬೆನ್ನಿನ ಮೇಲೆ ಮಡಿಕೆಯ ಗೆರೆ ಎದ್ದು ಕಾಣುತ್ತಿತ್ತಂತೆ. ಹೆಸರು ಹಿಡಿದು ಕೂಗಿದರೆ ತಿರುಗಲಿಲ್ಲವಂತೆ. ಒಂದು ಬಸ್ಸಿನ ಮರೆಗೆ ಹೋದ, ಬಸ್ಸು ಹೊರಟ ಮೇಲೆ ಅಲ್ಲಿ ಯಾರೂ ಇರಲಿಲ್ಲ. ವಯಸ್ಸಾಯಿತು, ಕಣ್ಣು ಮಂಜು ಎಂದು ರಾಮಮ್ಮ ತಾನೇ ಸಮಾಧಾನ ಹೇಳಿಕೊಂಡಳು.

ವಾರ ಕಳೆದು ಕುಮಾರ ನರಸೀಪುರದಿಂದ ಈಚೆ ಒಂದು ಊರಿಗೆ ಕಾರ್ಡು ಕೊಡಲು ಹೋಗಿ ಟೀ ಅಂಗಡಿಯಲ್ಲಿ ಕೂತಿದ್ದ. ಅಂಗಡಿಯವನು ಕಾರ್ಡಿನ ಮೇಲೆ ಕಣ್ಣಾಡಿಸಿ, ಈ ಹೆಸರಿನ ಮನುಷ್ಯ ಮೊನ್ನೆ ಇದೇ ಬೆಂಚಿನ ಮೇಲೆ ಕೂತು ಕೆಂಚನಹುಂಡಿಗೆ ದಾರಿ ಕೇಳಿದ ಎಂದ. ಇಲ್ಲಿ ಲೇಟ್ ಅಂತ ಯಾಕೆ ಬರೆಸಿದ್ದೀರಿ ಎಂದೂ ಕೇಳಿದ. ಕುಮಾರ ಆ ಊರಿನಲ್ಲಿ ಉಳಿದ ನಾಲ್ಕು ಮನೆಗೆ ಕಾರ್ಡು ಕೊಡದೆ ವಾಪಸು ಬಂದ.

ಚಲುವಮ್ಮ ಎರಡನ್ನೂ ಕಿವಿಗೆ ಹಾಕಿಕೊಂಡು ತನ್ನ ಕೆಲಸ ನೋಡಿಕೊಂಡಳು. ಅವಳ ಮನಸ್ಸು ಅಲ್ಲಾಡಿದ್ದು ಮಂಟೇಸ್ವಾಮಿ ಬಂದ ದಿನ. ಅವನು ಸುತ್ತೂರಿನ ಕಡೆಯವನು, ಟಿವಿಎಸ್ ಗಾಡಿಯ ಮೇಲೆ ಎಳನೀರು ಮಾರುತ್ತ ಬರುವವನು. ಹುಚ್ಚಯ್ಯನನ್ನು ಕಂಡವನಲ್ಲ, ಕೇಳಿದವನಲ್ಲ. ಶಾಲೆಯ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಸುಮ್ಮನೆ ಮಾತಿಗೆ ಹೇಳಿದ. ಸುತ್ತೂರು ದಾಟಿ ರಸ್ತೆಯ ಎಡಮಗ್ಗುಲಲ್ಲಿ ಒಬ್ಬ ನಡೆದು ಬರುತ್ತಿದ್ದಾನೆ, ಎರಡು ದಿನದಿಂದ ನೋಡುತ್ತಿದ್ದೇನೆ, ನಿನ್ನೆಗಿಂತ ಇವತ್ತು ಒಂದೂವರೆ ಮೈಲಿಯೂ ಮುಂದೆ ಬಂದಿಲ್ಲ ಎಂದ.

"ಕುಂಟಾ?" ಎಂದು ಚಲುವಮ್ಮ ಕೇಳಿದಳು.

"ಕುಂಟಲ್ಲ ಕಣಕ್ಕ. ಮಂಡಿಮಟ ನೀರೊಳ್ಗೆ ನಡ್ದಂಗೆ ನಡೀತಾನೆ. ಟಾರ್ ರೋಡು, ಬಿಸ್ಲು ಬಡೀತಾದೆ. ಅವನು ಮಾತ್ರ ಕಾಲ ಎತ್ತಿ ಎತ್ತಿ ಇಕ್ತಾನೆ."

ಅಂಗಿ ಯಾವ ಬಣ್ಣ ಎಂದು ಅವಳು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಅವತ್ತು ಸಂಜೆ ಹೊಸಿಲ ಮೇಲೆ ಕೂತು ಲೆಕ್ಕ ಹಾಕಿದಳು. ನರಸೀಪುರ, ಟೀ ಅಂಗಡಿಯ ಊರು, ಸುತ್ತೂರು. ಕಾರ್ಡು ಪ್ರೆಸ್ಸಿನಿಂದ ಬಂದ ದಿನ ಹೊರಟವನು ಹಾಗೇ ನಡೆದರೆ ಮದುವೆಯ ಹಿಂದುಮುಂದಿಗೆ ಮನೆ ತಲುಪುತ್ತಾನೆ. ಒಂಬತ್ತು ವರ್ಷ ಎಲ್ಲಿದ್ದನೋ ಅಲ್ಲಿ ಅವನಿಗೆ ತಾನು ಇಂಥವನು ಎಂದು ಯಾರೂ ಹೇಳಿರಲಿಲ್ಲ. ಈಗ ಅಚ್ಚು ಹಾಕಿಸಿ ಹೇಳಿದ್ದಾರೆ. ನೀನು ಲೇಟು ಎಂದು. ಲೇಟಾದವನು ಏನು ಮಾಡುತ್ತಾನೆ, ಮನೆಯ ಕಡೆ ಹೊರಡುತ್ತಾನೆ. ಹೀಗೆ ಯೋಚಿಸಿದಾಗ ಅವಳ ಎದೆಯಲ್ಲಿ ಎದ್ದದ್ದು ಸಂತೋಷವೋ ಭಯವೋ ಅವಳಿಗೇ ಗೊತ್ತಾಗಲಿಲ್ಲ. ಎದ್ದು ಹೋಗಿ ದೀಪ ಹಚ್ಚಿದಳು.

ರೋಜಾಗೆ ಮಾತ್ರ ಬರೀ ಭಯ. ಅಪ್ಪ ಹೋದಾಗ ಅವಳಿಗೆ ಹದಿನೇಳು. ಉಳಿದ ಕಾರ್ಡುಗಳಲ್ಲೆಲ್ಲ ಆ ಒಂದು ಪದದ ಮೇಲೆ ಬಿಳಿ ಕಾಗದದ ಚೂರು ಅಂಟಿಸಿದಳು. ಅದರಿಂದ ಏನೂ ಆಗಲಿಲ್ಲ. ಮಂಟೇಸ್ವಾಮಿ ನಾಲ್ಕು ದಿನ ಬಿಟ್ಟು ಬಂದವನು, ಆ ಮನುಷ್ಯ ಈಗ ನಿಮ್ಮೂರಿಗೆ ಹತ್ತಿರದ ಹಾಲಿನ ಡೇರಿಯ ತಿರುವಿನಲ್ಲಿದ್ದಾನೆ ಎಂದ. ಮದುವೆ ಕೆಲಸಕ್ಕೆ ಬಂದ ರಾಮಮ್ಮ ಅಡುಗೆಮನೆಯಲ್ಲಿ ದನಿ ತಗ್ಗಿಸಿ, ಅಂಥವರು ಶುಭ ನಡೆಯುವ ಮನೆಯ ಹೊಸಿಲು ದಾಟಿದರೆ ಬರಿಗೈಲಿ ಹೋಗುವುದಿಲ್ಲ, ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗುತ್ತಾರೆ ಎಂದಳು. ಒಡಹುಟ್ಟಿದ ತಮ್ಮನ ಬಗ್ಗೆ ಹಾಗೆ ಹೇಳಿ ತಾನೇ ಅತ್ತಳು.

ಸಿದ್ಧಾರ್ಥ ತಗಡೂರಿನವನು, ತಿಳಿದವನು. ಅವನಿಗೆ ಇದನ್ನೆಲ್ಲ ಹೇಳಲು ರೋಜಾಗೆ ನಾಚಿಕೆ. ಅವಳು ತನ್ನ ದಪ್ಪ ನಿಘಂಟು ತೆಗೆದು ಕೂತಳು. ಲೇಟ್ ಎಂಬುದಕ್ಕೆ ಹಿಂದಿನ ಕಾಲದಲ್ಲಿ ಸತ್ತವನು ಎಂಬ ಅರ್ಥವೇ ಇರಲಿಲ್ಲವಂತೆ, ನಿಧಾನದವನು, ದಣಿದವನು ಎಂದಷ್ಟೇ ಇತ್ತಂತೆ ಎಂದು ಅವ್ವನಿಗೆ ಓದಿ ಹೇಳಿದಳು. ಅದೇ ಬೇರಿನಿಂದ ಬಂದ ಇನ್ನೊಂದು ಸಣ್ಣ ಪದ ಲೆಟ್. ಈಗ ಅದಕ್ಕೆ ಬಿಡು, ಬರಲಿ ಎಂದು ಅರ್ಥ. ಮೊದಲು ತಡೆ, ಬಿಡಬೇಡ ಎಂದೂ ಇತ್ತು.

"ಬುಡು ಅನ್ನದೂ ತಡಿ ಅನ್ನದೂ ಒಂದೇನಾ?" ಎಂದಳು ಚಲುವಮ್ಮ.

"ಇಂಗ್ಲಿಷ್ನಲ್ಲಿ ಅಂಗೇ ಕಣವ್ವ." ರೋಜಾ ನಿಘಂಟನ್ನು ಮುಚ್ಚಿದಳು. "ಅಪ್ಪ ಬಂದ್ರೆ ನಾ ಏನ್ ಮಾಡ್ಲಿ? ಅದು ಅಪ್ಪ ಅಲ್ದಿದ್ರೆ?"

ಮಗಳ ಕೈ ತಣ್ಣಗಿತ್ತು. ಆ ಕೈಗೆ ನಾಳಿದ್ದು ಮೆಹಂದಿ ಹಾಕುವವರಿದ್ದರು. ಚಲುವಮ್ಮ ಅದನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಳು.

ಮದುವೆಗೆ ಎರಡು ದಿನ ಇತ್ತು. ಅವತ್ತೊಂದು ದಿನ ಬಂದುಹೋಗಿ ಎಂದು ಹೆಡ್‌ಮಾಸ್ಟರು ಕೇಳಿಕೊಂಡಿದ್ದರಿಂದ ಚಲುವಮ್ಮ ಅಡುಗೆಗೆ ಬಂದಿದ್ದಳು. ಮಾರ್ಚ್ ತಿಂಗಳ ಬಿಸಿಲು. ಮಕ್ಕಳು ಸಾಲಾಗಿ ಕೂತು ಉಣ್ಣುತ್ತಿದ್ದಾಗ ಎರಡನೇ ಕ್ಲಾಸಿನ ಲಿಖಿತಾ ಚೀಲ ಎಳೆದುಕೊಂಡು ಗೇಟಿನೊಳಗೆ ಬಂದಳು. ಚುಚ್ಚುಮದ್ದು ಹಾಕಿಸಿಕೊಂಡು ಬರುವುದು ತಡವಾಗಿತ್ತು. ಯಾಕಮ್ಮ ಇಷ್ಟು ಲೇಟು ಎಂದು ಸೋಮಶೇಖರ್ ಕೇಳಿದ್ದಕ್ಕೆ ಅವಳು ಬೇರೇನೋ ಹೇಳಿದಳು. ತೂಬಿನ ತಾವ ಒಬ್ಬ ಮಾವ ಕೂತವ್ನೆ, ಇಸ್ಕೂಲಲ್ಲಿ ಊಟ ಆಯ್ತಾ ಅಂತ ಕೇಳ್ದ, ನನ್ನ ಜೊತೆ ಬಾ ಅಂದೆ, ಎದ್ದೇಳಕ್ಕೆ ಆಗಾಕಿಲ್ಲ ಅಂದ ಎಂದಳು.

ಸೌಟು ಸಾಂಬಾರಿನೊಳಗೆ ಮುಳುಗಿ ಹೋಯಿತು. ಚಲುವಮ್ಮ ಅದನ್ನು ತೆಗೆಯಲಿಲ್ಲ.

ಆಗ ಅವಳಿಗೆ ಹೊಳೆದದ್ದು ದೆವ್ವ ಭೂತ ಒಂದೂ ಅಲ್ಲ, ಮೂರನೇ ಎಲೆ. ಒಂಬತ್ತು ಮಾರ್ಲಾಮಿ. ದಿನಾ ಎಂಬತ್ತು ಮಕ್ಕಳಿಗೆ ಬೇಯಿಸಿ ಬಡಿಸುವವಳು ಅವನಿಗೆ ಒಂದು ಹಿಡಿ ಇಟ್ಟಿರಲಿಲ್ಲ. ಸತ್ತಿದ್ದರೆ, ಅವನು ಹಸಿದುಕೊಂಡಿದ್ದು ತನ್ನಿಂದ. ತನ್ನ ಪಾಲಿನ ಅನ್ನ, ಸಾಂಬಾರು, ಒಂದು ಮೊಟ್ಟೆಯನ್ನು ಡಬ್ಬಿಗೆ ಹಾಕಿಕೊಂಡು, ಹಿತ್ತಿಲ ಬಾಳೆಯಿಂದ ಒಂದು ಎಲೆ ಕೊಯ್ದು, ಯಾರಿಗೂ ಹೇಳದೆ ನಾಲೆಯ ದಾರಿ ಹಿಡಿದಳು.

ನಾಲೆಗೆ ನೀರು ನಿಲ್ಲಿಸಿ ಎರಡು ತಿಂಗಳಾಗಿತ್ತು. ತಳದ ಮಣ್ಣು ಒಣಗಿ ಬಿರಿದಿತ್ತು. ತೂಬಿನ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಆದರೆ ಒಬ್ಬ ಕೂರುವಷ್ಟು ಜಾಗದಲ್ಲಿ ಕಲ್ಲು ತೊಯ್ದಿತ್ತು, ಅಲ್ಲಿಂದ ನೀರು ಸಣ್ಣಗೆ ಇಳಿದು ಕೆಳಗಿನ ಮಣ್ಣನ್ನು ಕಪ್ಪಗೆ ಮಾಡಿತ್ತು. ನಡುಮಧ್ಯಾಹ್ನ, ಒಂದು ಹಕ್ಕಿಯ ದನಿಯಿಲ್ಲ.

ಅವಳು ಎಲೆ ಹಾಸಿ ಬಡಿಸಿದಳು. ಮೊಟ್ಟೆ ಸುಲಿದು ಇಟ್ಟಳು. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ಪದ್ಧತಿ, ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಇಲ್ಲಿ ಬಾಗಿಲಿರಲಿಲ್ಲ. ಬೆನ್ನು ಮಾಡಿ ಕೂತು, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಮೊದಲು ಏನೂ ಇಲ್ಲ. ಆಮೇಲೆ ಎಲೆ ಸರಿದ ಸದ್ದು. ಅನ್ನ ಕಲಸುವ ಸದ್ದು. ಬಹಳ ದಿನದಿಂದ ಉಣ್ಣದವರು ಉಣ್ಣುವ ಹಾಗೆ, ತುತ್ತಿನ ನಡುವೆ ಉಸಿರು ಸಾಲದ ಸದ್ದು. ಅವಳ ಬೆನ್ನಿಗೆ ಹೊಳೆಯ ತಂಪು ಬಡಿಯಿತು, ಪಾಚಿಯ ವಾಸನೆ ಬಂತು. ಮೊಣಕಾಲು ಅಪ್ಪಿಕೊಂಡಳು. ಬದುಕಿದ್ದೀಯ ಅಂದುಕೊಂಡು ಇಡಲಿಲ್ಲ, ತಪ್ಪಾಯಿತು ಎಂದು ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಮಾತು ಬಂತು. ಅವನದೇ ದನಿ, ಒಂದಿಷ್ಟೂ ಮುದಿಯಾಗಿರಲಿಲ್ಲ.

"ಯಾರ ಮನೆ ತಾಯೋ ಕಾಣೆ, ಕರ್ದು ಅನ್ನ ಇಕ್ದೆ. ನಿನ್ನ ಒಟ್ಟೆ ತಣ್ಣಗಿರ್ಲಿ. ಇದು ಯಾವೂರವ್ವ?"

ಚಲುವಮ್ಮನ ಬೆನ್ನು, ನರೆತ ತುರುಬು, ಬೆಂಕಿಯಲ್ಲಿ ಸುಟ್ಟು ಒರಟಾದ ಕೈ ಅವನಿಗೆ ಗುರುತು ಸಿಕ್ಕಿರಲಿಲ್ಲ. ಅವನು ಬಿಟ್ಟು ಹೋದ ಹೆಂಗಸು ಮೂವತ್ತೆಂಟರವಳು.

"ಕೆಂಚನಹುಂಡಿಗೆ ಓಗ್ಬೇಕು," ಎಂದಿತು ಆ ದನಿ. "ಎಷ್ಟು ದೂರ ಆಯ್ತದೆ?"

ಅಲ್ಲಿಂದ ಮನೆ ಕಾಣುತ್ತಿತ್ತು. ಹಸಿರು ತೆಂಗಿನ ಗರಿಯ ಚಪ್ಪರ, ಅದಕ್ಕೆ ಕಟ್ಟಿದ ಐದು ಬಣ್ಣದ ಪಂಚಶೀಲದ ಬಾವುಟ, ಅಂಗಳದಲ್ಲಿ ಓಡಾಡುವ ಹೆಣ್ಣುಮಕ್ಕಳು. ಅವರಲ್ಲಿ ಹಳದಿ ಚೂಡಿದಾರದವಳು ರೋಜಾ. ಇದೇ ಊರು, ಅದೇ ಮನೆ ಎಂದು ಹೇಳಲು ಎರಡು ಮಾತು ಸಾಕಿತ್ತು. ಚಲುವಮ್ಮ ಆ ಹಳದಿ ಬಟ್ಟೆಯನ್ನೇ ನೋಡಿದಳು.

"ಇನ್ನೂ ಮುಂದಕ್ಕೆ ಓಗ್ಬೇಕು ಕಣಪ್ಪ," ಎಂದಳು. "ನಂಜನಗೂಡು ದಾಟ್ಬೇಕು."

ಆಮೇಲೆ ಮಂಡಿಮಟ ನೀರಿನಲ್ಲಿ ಕಾಲು ಎತ್ತಿಡುವ ಸದ್ದು, ಒಣ ನಾಲೆಯ ಏರಿಯ ಮೇಲೆ ದೂರ ದೂರವಾಯಿತು. ಅವಳು ಸೆರಗು ತೆಗೆದಾಗ ಎಲೆ ಬರಿದಾಗಿತ್ತು. ಒಂದು ಅಗುಳೂ ಉಳಿದಿರಲಿಲ್ಲ. ಅಲ್ಲಿಯೇ ಕೂತು ಅತ್ತಳು. ಒಂಬತ್ತು ವರ್ಷ ಅಳದವಳು ಅವತ್ತು ಎಷ್ಟು ಅತ್ತಳೆಂದರೆ, ಮನೆಗೆ ಬಂದಾಗ ಮಗಳನ್ನು ಕಳಿಸುವ ಸಂಕಟ ಎಂದು ಹೆಂಗಸರೆಲ್ಲ ಅವಳನ್ನು ಸಮಾಧಾನ ಮಾಡಿದರು.

ಮದುವೆ ನಂಜನಗೂಡಿನ ಸಮುದಾಯ ಭವನದಲ್ಲಿ ಚೆನ್ನಾಗಿ ನಡೆಯಿತು. ಯಾರಿಗೂ ಏನೂ ಆಗಲಿಲ್ಲ. ರೋಜಾ ವೇದಿಕೆಯ ಮೇಲೆ ನಿಂತು ಬಾಗಿಲ ಕಡೆಯೇ ನೋಡುತ್ತಿದ್ದಳು. ಚಲುವಮ್ಮ ಅವಳ ಹತ್ತಿರ ಹೋಗಿ, ಬರುವುದಿಲ್ಲ, ಧೈರ್ಯವಾಗಿರು ಎಂದಳು. ಹೇಗೆ ಗೊತ್ತು ಎಂದು ಮಗಳು ಕೇಳಲಿಲ್ಲ. ಕೇಳಿದ್ದರೂ ಚಲುವಮ್ಮ ಹೇಳುತ್ತಿರಲಿಲ್ಲ.

ಮನೆ ಖಾಲಿಯಾಯಿತು. ಬೇಸಿಗೆ ರಜೆ ಬಂತು, ಹೋಯಿತು. ಯಾರೂ ಯಾವ ಸುದ್ದಿಯನ್ನೂ ತರಲಿಲ್ಲ. ನಂಜನಗೂಡಿನ ಕಡೆಯಿಂದ ಬರುವ ಬಸ್ಸು ಕಂಡರೆ ಚಲುವಮ್ಮ ಒಳಗೆ ಹೋಗಿಬಿಡುತ್ತಿದ್ದಳು. ತುತ್ತು ಬಾಯಿಗಿಟ್ಟಾಗಲೆಲ್ಲ ಎಲ್ಲೋ ಒಬ್ಬ ಬಿಸಿಲಿನಲ್ಲಿ, ಇಲ್ಲದ ನೀರಿನಲ್ಲಿ ಕಾಲೆತ್ತಿ ಇಡುತ್ತ ತಾನು ಹೇಳಿದ ಸುಳ್ಳಿನ ದಾರಿಯಲ್ಲಿ ಹೋಗುತ್ತಿದ್ದಾನೆ ಎಂಬುದು ನೆನಪಾಗುತ್ತಿತ್ತು. ಅವಳು ಇಳಿದುಹೋದಳು. ರವಿಕೆಗಳನ್ನೆಲ್ಲ ಹಿಡಿದು ಹೊಲಿಯಬೇಕಾಯಿತು.

ಜೂನ್ ಕೊನೆಯಲ್ಲಿ ಶಾಲೆಗೆ ಅಕ್ಕಿ ತರುವ ಲಾರಿ ಬಂತು. ಡ್ರೈವರ್ ಮಲ್ಲಿಕಾರ್ಜುನ್ ಮೂಟೆ ಇಳಿಸುವಷ್ಟರಲ್ಲಿ ಒಲೆಯ ಹತ್ತಿರ ನಿಂತು ಕಾಫಿ ಕುಡಿಯುತ್ತ, ನಿಮ್ಮೂರಿಗೆ ಬರಬೇಕಾದವನೊಬ್ಬ ಗುಂಡ್ಲುಪೇಟೆ ರಸ್ತೆಯಲ್ಲಿ ಸಿಕ್ಕಿದ್ದ ಎಂದ. ಹೊಸ ಅಂಗಿ ಹಾಕಿಕೊಂಡಿದ್ದಾನೆ, ಮುಖ ನೋಡಿದರೆ ದಣಿವು, ಕೆಂಚನಹುಂಡಿ ಇನ್ನೆಷ್ಟು ದೂರ ಎಂದು ಕೇಳಿದ.

ಚಲುವಮ್ಮ ಉರಿಯುವ ಸೌದೆಯನ್ನು ಹಿಂದಕ್ಕೆಳೆದಳು. "ನೀವೇನಂದ್ರಿ?"

"ಇದೇನಣ್ಣ, ಊರ ಇಂದೆ ಬುಟ್ಟು ಇಲ್ಲಿಗಂಟ ಬಂದ್ಬುಟ್ಟಿದ್ದೀಯ, ತಿರೀಕೊಂಡು ಓಗು, ನಂಜನಗೂಡಿಂದ ಆಚ್ಗೆ, ನಾಲೆ ತೂಬಿನ ಪಕ್ಕದ ಊರು ಅಂತ ಸರ್ಯಾಗಿ ಏಳ್ದೆ. ಲಾರಿ ಅತ್ತು ಅಂದ್ರೆ ಅತ್ನಿಲ್ಲ. ಕನ್ನಡೀಲಿ ನೋಡ್ದೆ, ಈ ಕಡೀಕೇ ತಿರೀಕಂಡಿದ್ದ. ಪಾಪ, ಯಾರೋ ತಪ್ಪುದಾರಿ ಏಳಿರ್ಬೇಕು."

ಎಷ್ಟು ದಿನವಾಯಿತು ಎಂದು ಅವಳು ಕೇಳಿದಳು. ಇಪ್ಪತ್ತು ದಿನ ಎಂದ ಅವನು.

ಸಂಜೆ ಅವಳು ರೋಜಾಗೆ ಫೋನು ಮಾಡಿದಳು. ಸಿದ್ಧಾರ್ಥನ ಮನೆಯಲ್ಲಿ ಆಷಾಢದ ಕಟ್ಟುಪಾಡು ಇರಲಿಲ್ಲ. ಆದರೂ ಅವ್ವನ ಜೊತೆ ಎಂಟು ದಿನ ಇದ್ದುಬರುತ್ತೇನೆ, ಬರುವ ಭಾನುವಾರ ಬರುತ್ತೇನೆ ಎಂದು ರೋಜಾ ಹೇಳಿದ್ದಳು. ಈಗ ಬರಬೇಡ, ನಾನೇ ಆಮೇಲೆ ತಗಡೂರಿಗೆ ಬರುತ್ತೇನೆ ಎಂದಳು ಚಲುವಮ್ಮ.

"ಯಾಕವ್ವ, ಉಸಾರಿಲ್ವಾ?"

"ಉಸಾರಾಗಿವ್ನಿ ಮಗ. ಮನೆಗೆ ನೆಂಟ್ರು ಬತ್ತಾವ್ರೆ."

ಯಾವ ನೆಂಟರು ಎಂದು ಕೇಳಿದ ಮಗಳಿಗೆ ತಾನೇ ಅರ್ಥವಾಯಿತು. ಕೊನೆಗೆ ರೋಜಾ, ಒಬ್ಬಳೇ ಇರಬೇಡ, ರಾಮಮ್ಮತ್ತೆಯನ್ನು ಕರೆಸಿಕೋ ಎಂದಳು. ಬೇಡ ಎಂದಳು ಚಲುವಮ್ಮ. ತಾನೊಬ್ಬಳೇ ಇದ್ದರೆ, ಕರೆದುಕೊಂಡು ಹೋಗುವುದಿದ್ದರೂ ತನ್ನನ್ನೇ ಕರೆದುಕೊಂಡು ಹೋಗಲಿ ಎಂದು ಅವಳು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಭಯ ಬರುತ್ತದೆಂದು ಕಾದಳು, ಬರಲಿಲ್ಲ.

ಮಾರನೆಯ ದಿನ ಗೋಡೆಗೆ ಸುಣ್ಣ ಬಳಿದಳು. ತಲೆಗೆ ಎಣ್ಣೆ ಒತ್ತಿಕೊಂಡು ನೀರು ಹಾಕಿಕೊಂಡು, ನರೆತ ಕೂದಲನ್ನು ಹಿಂದೆ ಕಟ್ಟುತ್ತಿದ್ದ ಹಾಗೆ ಎರಡು ಸುತ್ತು ಸುತ್ತಿ ಕಟ್ಟಿದಳು, ಅವನಿಗೆ ಗುರುತಾಗಲಿ ಎಂದು. ಆಮೇಲೆ ಅಕ್ಕಿ ತೊಳೆದು ಒಲೆಯ ಮೇಲಿಟ್ಟು, ಬಾಗಿಲ ಅಗುಳಿಯನ್ನು ಪೂರಾ ಕಿತ್ತು ತೆಗೆದು, ಮಳೆ ಬರುವ ಹಾಗಿದೆ ಎಂದು ಅಂಗಳದಲ್ಲಿ ಒಣಗಿದ್ದ ಬಟ್ಟೆ ತರಲು ಹೊರಗೆ ಹೋದಳು.